ಬೀಟಾ ಮೀಮಾಂಸೆ, ಅಥವಾ ಅಟ್ಟದಿಂದ ಅವಸರದಲ್ಲಿ ಇಳಿದ ಕೊಬ್ಬರಿ

ಗ್ರಂಥಾರಂಭದಲ್ಲಿ ವಿಘ್ನೇಶ್ವರನನ್ನು ನೆನೆಯುವುದು ಶಿಷ್ಟಾಚಾರ. ವಿಡಿಯೋ ಎಡಿಟಿಂಗ್ ತಂತ್ರಾಂಶದ ಬಗ್ಗೆ ಬರೆಯುವವನಿಗೆ ಅದು ಮುನ್ನೆಚ್ಚರಿಕೆಯೂ ಹೌದು. ನೆನೆದಿದ್ದಾಯಿತು, ಬರೆದಷ್ಟನ್ನು ಒಮ್ಮೆ ಸೇವ್ ಮಾಡಿದ್ದೂ ಆಯಿತು. ಇನ್ನು ಶಾಸ್ತ್ರಕ್ಕೆ ಬರಬಹುದು.

‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಕನ್ನಡಕ್ಕೆ ಕೊಟ್ಟ ತೀ.ನಂ. ಶ್ರೀಕಂಠಯ್ಯನವರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. 1953ರಲ್ಲಿ ಆ ಗ್ರಂಥ ಬಂದ ಮೇಲೆ ರಸ, ಧ್ವನಿ, ರೀತಿ, ಔಚಿತ್ಯ ಎಲ್ಲವೂ ಇತ್ಯರ್ಥವಾಯಿತು, ಈ ಸೀಮೆಯವರಿಗೆ ಮೀಮಾಂಸೆ ಮಾಡಲು ಇನ್ನೇನೂ ಉಳಿದಿಲ್ಲ ಎಂದೇ ಎಲ್ಲರೂ ತಿಳಿದಿದ್ದರು. ಒಂದು ಉಳಿದಿತ್ತು. ಅರೆಬೆಂದ ತಂತ್ರಾಂಶವನ್ನು ಬಳಕೆದಾರನ ಕೈಗಿತ್ತು, ಬೇಯಿಸುವ ಕೆಲಸವನ್ನೂ ಅವನಿಗೇ ವಹಿಸುವ ಆಧುನಿಕ ವಿದ್ಯೆ ಆಗಿನ್ನೂ ಹುಟ್ಟಿರಲಿಲ್ಲ. ಆ ಕೊರತೆಯನ್ನು ತುಂಬುವುದೇ ಈ ಪ್ರಬಂಧದ ಪ್ರಯೋಜನ. ಇದನ್ನು ಓದಲು ಅಧಿಕಾರಿ ಯಾರು? ಎಡಿಟ್ ಮಾಡಿದ್ದನ್ನೆಲ್ಲ ಒಂದೇ ವಿಡಿಯೋ ಆಗಿ ಕೂಡಿಸುವ ರೆಂಡರಿಗೆ ಹಾಕಿ ಕುರ್ಚಿಯಲ್ಲೇ ರಾತ್ರಿ ಕಳೆದವನು. ಉಳಿದವರು ಓದಬಾರದೆಂದಿಲ್ಲ, ಆದರೆ ಅವರಿಗೆ ಕಣ್ಣೀರು ಬರುವ ಭರವಸೆ ಇಲ್ಲ.

ಮೊದಲು ಲಕ್ಷಣ. ಮುಗಿದಿಲ್ಲವೆಂದು ಮಾಡಿದವನಿಗೆ ಗೊತ್ತಿದ್ದೂ ಬಳಸುವವನಿಗೆ ಕೊಟ್ಟ ತಂತ್ರಾಂಶವೇ ಬೀಟಾ. ಇದಕ್ಕೆ ತಾರ್ಕಿಕರು ತಕ್ಷಣ ಅತಿವ್ಯಾಪ್ತಿ ದೋಷ ಹೇಳುತ್ತಾರೆ: ಹಾಗಾದರೆ ಜಗತ್ತಿನ ಎಲ್ಲ ತಂತ್ರಾಂಶವೂ ಬೀಟಾ ಆಗಿಬಿಡುತ್ತದಲ್ಲ? ಇಷ್ಟಾಪತ್ತಿ. ಅದೇ ನಮಗೆ ಬೇಕಾದದ್ದು. ಮುಂದಕ್ಕೆ ಹೋಗೋಣ.

ಶಾಸ್ತ್ರಕ್ಕೆ ದೃಷ್ಟಾಂತ ಒಂದಿದ್ದರೆ ಸಾಕು, ಆದರೆ ಅದು ಕೇಳುವವನ ಹಿತ್ತಲಿನದ್ದಾಗಿರಬೇಕು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯವರ ಮುಂದೆ ಕೊಬ್ಬರಿ ಬಿಟ್ಟು ಇನ್ನೊಂದನ್ನು ಎತ್ತಿದರೆ ಅದು ಅವಿವೇಕ. ಇಲ್ಲಿಯದು ಗಾಣಕ್ಕೆ ಹೋಗುವ ಹೋಳು ಕೊಬ್ಬರಿಯಲ್ಲ, ಉಂಡೆ ಕೊಬ್ಬರಿ. ಬಲಿತ ಕಾಯನ್ನು ಕೀಳಿಸಿ, ಮಟ್ಟೆ ಸಮೇತ ಅಟ್ಟಕ್ಕೆ ಹಾಕುತ್ತಾರೆ. ಎಂಟು ತಿಂಗಳಿಂದ ವರ್ಷದವರೆಗೆ ಅದು ಅಲ್ಲೇ ಬಿದ್ದಿರುತ್ತದೆ. ನೀರು ಒಳಗೊಳಗೇ ಇಂಗುತ್ತದೆ, ತಿರುಳು ನಿಧಾನವಾಗಿ ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಆಯಿತೋ ಇಲ್ಲವೋ ಎಂದು ಯಾರೂ ಒಡೆದು ನೋಡುವುದಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಗಿಟುಕು ಒಳಗೆ ಲೊಟಲೊಟ ಅಂದರೆ ಇಳಿಸಬಹುದು. ನೀರು ಕುಲುಕಿದ ಸದ್ದು ಬಂದರೆ ಮತ್ತೆ ಅಟ್ಟಕ್ಕೆ. ಒಂಬತ್ತನೇ ಶತಮಾನದಲ್ಲಿ ಆನಂದವರ್ಧನ ಹೇಳಿದ ಧ್ವನಿಸಿದ್ಧಾಂತಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಇಲ್ಲ. ಪಾಪ, ಅವನಿದ್ದ ಕಾಶ್ಮೀರದಲ್ಲಿ ತೆಂಗು ಬೆಳೆಯುವುದಿಲ್ಲ.

ಅವಸರ ಬಿದ್ದು ಐದಾರು ತಿಂಗಳಿಗೇ ಸುಲಿದರೆ ತಿರುಳು ಚಿಪ್ಪಿಗೆ ಕಚ್ಚಿಕೊಂಡೇ ಇರುತ್ತದೆ. ಎಬ್ಬಿಸಲು ಹೋದರೆ ಉಂಡೆ ಹೋಳಾಗುತ್ತದೆ. ಹೇಗೋ ಇಡಿಯಾಗಿ ಬಂತು ಎನ್ನಿ, ಚೀಲದೊಳಗೆ ಬೂಸಲು ಹಿಡಿದು ಕೌಟು ಹೊಡೆಯುತ್ತದೆ. ಬೆಂಬಲ ಬೆಲೆಗೆ ಕೊಳ್ಳುವ ಉಂಡೆ ಕೊಬ್ಬರಿಯಲ್ಲಿ ತೇವಾಂಶ ಶೇ 7 ದಾಟುವಂತಿಲ್ಲ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಗೊತ್ತು ಮಾಡಿದ ಆ ಬೆಲೆ ಕ್ವಿಂಟಲಿಗೆ 12,100 ರೂಪಾಯಿ. ಈಗ ಒಬ್ಬ ರೈತ ಹಸಿ ಗಿಟುಕಿನ ಚೀಲಗಳನ್ನು ತಿಪಟೂರಿನ ಎಪಿಎಂಸಿಗೆ ತಂದು ಇಳಿಸಿ, ‘ಸ್ವಾಮಿ, ಇದು ಬೀಟಾ ಕೊಬ್ಬರಿ. ಒಣಗುವ ಕೆಲಸ ನಿಮ್ಮ ಗೋದಾಮಿನಲ್ಲೇ ಮುಂದುವರಿಯುತ್ತದೆ. ಬೂಸಲು ಕಂಡರೆ ದಯವಿಟ್ಟು ನಮಗೆ ತಿಳಿಸಿ, ಮುಂದಿನ ಬೆಳೆಯಲ್ಲಿ ಸರಿಪಡಿಸುತ್ತೇವೆ’ ಎಂದು ಕೈಮುಗಿದ ಎಂದುಕೊಳ್ಳಿ. ಮಂಡಿಯವರು ಅವನಿಗೆ ಹೇಳುವ ಮಾತನ್ನು ಶಾಸ್ತ್ರಗ್ರಂಥದಲ್ಲಿ ಬರೆಯಲು ಬರುವುದಿಲ್ಲ.

ತಂತ್ರಾಂಶಕ್ಕೂ ಹದ ಒಂದು, ಹೆಸರು ಇನ್ನೊಂದು. ಎರಡನ್ನೂ ಸೇರಿಸಿದರೆ ನಾಲ್ಕು ಬಗೆಯಾಗುತ್ತದೆ. ಹದವಾದದ್ದನ್ನು ಹದವಾಯಿತೆಂದು ಹೇಳಿ ಕೊಡುವುದು ಮೊದಲನೆಯದು. ಉದಾಹರಣೆ ಸಿಗದ್ದರಿಂದ ಬಿಟ್ಟಿದೆ. ಹದವಾದ ಮೇಲೂ ಬೀಟಾ ಎನ್ನುತ್ತಲೇ ಇರುವುದು ಎರಡನೆಯದು. ಜಿಮೇಲ್ 2004ರ ಏಪ್ರಿಲ್ 1ರಂದು ಬಂದು, ಲೋಕವೆಲ್ಲ ಅದರಲ್ಲೇ ಪತ್ರ ಬರೆಯುತ್ತಿದ್ದರೂ 2009ರ ಜುಲೈವರೆಗೆ ಬೀಟಾ ಪಟ್ಟಿ ಅಂಟಿಸಿಕೊಂಡೇ ಓಡಾಡಿತು. ವಿನಯವೆಂದು ಕೆಲವರು. ನನ್ನ ಮತದಲ್ಲಿ ಇದು ಜಾಣತನ.

ಹಸಿಯಾಗಿದ್ದು ಹಸಿ ಎಂದೇ ಹೇಳಿಕೊಳ್ಳುವುದು ಮೂರನೆಯದು. ಮೆಲ್ಬರ್ನಿನ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ತನ್ನ ಡಾವಿಂಚಿ ರಿಸಾಲ್ವ್ ತಂತ್ರಾಂಶವನ್ನು ಹೀಗೆ ಬಹಿರಂಗವಾಗಿ ಬೀಟಾ ಎಂದೇ ಬಿಡುತ್ತದೆ. 17ನೇ ಆವೃತ್ತಿಯ ಬೀಟಾ ಬಂದದ್ದು 2020ರ ನವೆಂಬರಿನಲ್ಲಿ, ಪೂರ್ಣರೂಪ 2021ರ ಫೆಬ್ರುವರಿಯಲ್ಲಿ. ಹಾಕಿಕೊಳ್ಳುವ ಮೊದಲು ಪ್ರಾಜೆಕ್ಟುಗಳನ್ನು ಬ್ಯಾಕಪ್ ಮಾಡಿ, ಒಮ್ಮೆ ಹೊಸದಕ್ಕೆ ಏರಿಸಿದ್ದನ್ನು ಹಳೆಯದರಲ್ಲಿ ತೆರೆಯಲಾಗದು ಎಂದು ಅವರೇ ಎಚ್ಚರಿಸುತ್ತಾರೆ. ಅಡೋಬಿಯವರು 2020ರಿಂದೀಚೆಗೆ ಪ್ರೀಮಿಯರ್ ಪ್ರೊ ಬೀಟಾವನ್ನು ಬೇರೆಯೇ ಐಕಾನ್ ಕೊಟ್ಟು ಹಳೆಯದರ ಪಕ್ಕದಲ್ಲಿ ಕೂರಿಸುತ್ತಾರೆ. ಹಳೆಯದು ಅದರ ಪಾಡಿಗೆ ಇರುತ್ತದೆ. ಇದರಲ್ಲಿ ನನಗೆ ದೋಷ ಕಾಣುವುದಿಲ್ಲ. ಹಸಿ ಎಂದು ಹೇಳಿ ಹಸಿ ಕಾಯಿ ಕೊಟ್ಟವನ ಮೇಲೆ ಪಂಚಾಯ್ತಿ ಸೇರಿಸುವಂತಿಲ್ಲ.

ನಾಲ್ಕನೆಯದು ಮಹಾಪಾತಕ: ಹಸಿಯನ್ನು ಹದವೆಂದು ಮಾರುವುದು. 2011ರ ಜೂನ್ 21ರಂದು ಆಪಲ್ ಕಂಪನಿ ಫೈನಲ್ ಕಟ್ ಪ್ರೊ ಎಕ್ಸ್ ಬಿಟ್ಟಿತು. ಬೆಲೆ 299.99 ಡಾಲರ್. ಬೀಟಾ ಎಂಬ ಮಾತೇ ಇಲ್ಲ. ಹಳೆಯ ಫೈನಲ್ ಕಟ್‌ನಲ್ಲಿ ಮಾಡಿದ ಪ್ರಾಜೆಕ್ಟುಗಳು ಅದರಲ್ಲಿ ತೆರೆಯಲಿಲ್ಲ. ನಾಲ್ಕು ಕ್ಯಾಮೆರಾದಲ್ಲಿ ಹಿಡಿದ ಒಂದೇ ದೃಶ್ಯವನ್ನು ಹೊಂದಿಸುವ ಮಲ್ಟಿಕ್ಯಾಮ್ ಇರಲಿಲ್ಲ. ಬೇರೆ ತಂತ್ರಾಂಶಕ್ಕೆ ದಾಟಿಸಲು ಬೇಕಾದ ಎಕ್ಸ್‌ಎಂಎಲ್ ಇರಲಿಲ್ಲ. ಸಾಲದ್ದಕ್ಕೆ ಹಳೆಯ ಆವೃತ್ತಿಯ ಮಾರಾಟವನ್ನೂ ಅದರ ಬೆನ್ನಿಗೇ ನಿಲ್ಲಿಸಿದರು, ಅಂದರೆ ಅಟ್ಟದ ಏಣಿಯನ್ನೇ ತೆಗೆದಿಟ್ಟರು. ಅಮೆರಿಕದ ಕಾನನ್ ಓಬ್ರಿಯನ್ ಕಾರ್ಯಕ್ರಮದ ಎಡಿಟರುಗಳು ಅದನ್ನು ಅಣಕಿಸಿ ವಿಡಿಯೋ ಮಾಡಿ ಟೀವಿಯಲ್ಲೇ ತೋರಿಸಿದರು; ಈ ಶಾಸ್ತ್ರದಲ್ಲಿ ನನ್ನ ಪೂರ್ವಾಚಾರ್ಯರು ಅವರೇ. ಎಕ್ಸ್‌ಎಂಎಲ್ ಸೆಪ್ಟೆಂಬರಿನಲ್ಲಿ ಬಂತು, ಮಲ್ಟಿಕ್ಯಾಮ್ 2012ರ ಜನವರಿ ಕೊನೆಗೆ. ಏಳು ತಿಂಗಳ ಮೇಲಾಯಿತು. ಅಷ್ಟು ದಿನ ಅಟ್ಟದಲ್ಲೇ ಇರಲಿ ಎಂದು ತಿಪಟೂರಿನ ಯಾವ ಬೆಳೆಗಾರನನ್ನು ಕೇಳಿದ್ದರೂ ಪುಕ್ಕಟೆ ಹೇಳುತ್ತಿದ್ದ. ಮುಂದೆ ಅದು ಒಳ್ಳೆಯ ತಂತ್ರಾಂಶವೇ ಆಯಿತು, ಇಲ್ಲವೆನ್ನುವುದಿಲ್ಲ. ಆದರೆ ಒಣಗಿದ್ದು ಗಿರಾಕಿಯ ಮನೆಯಲ್ಲಿ, ಅವನ ಬಿಸಿಲಿನಲ್ಲಿ.

ಇನ್ನು ರಸಪ್ರಕರಣ. ಇದಕ್ಕೆ ಲಕ್ಷ್ಯವಾಗಿ ಒಂದು ಮದುವೆ ಸ್ಟುಡಿಯೋವನ್ನು ತೆಗೆದುಕೊಳ್ಳೋಣ. ಮಹಡಿಯ ಮೇಲೊಂದು ಕೋಣೆ, ಎರಡು ಮಾನಿಟರ್, ಗೋಡೆಯಲ್ಲಿ ಆಲ್ಬಂ ಮಾದರಿಗಳು. ಎಡಿಟರ್ ಹುಡುಗ ಬೀಟಾ ಹಾಕಿಕೊಂಡಿದ್ದಾನೆ, ಯಾವ ಕಂಪನಿಯದೆಂಬುದು ಶಾಸ್ತ್ರಕ್ಕೆ ಅಗತ್ಯವಿಲ್ಲ. ಮುಖ ಗುರುತಿಸಿ ತಾನೇ ಬೆಳಕು ಸರಿಮಾಡುವ ಸೌಲಭ್ಯ ಅದರಲ್ಲಿದೆಯಂತೆ. ಇದು ಅದ್ಭುತ ರಸ. ಮೊದಲ ಫ್ರೇಮಿಗೆ ‘ಶ್ರೀ ಲಕ್ಷ್ಮೀನರಸಿಂಹ ಪ್ರಸನ್ನ’ ಎಂದು ಹಾಕಿದ. ಹಳೆಯದರಲ್ಲಿ ನುಡಿ ಫಾಂಟಿನಲ್ಲಿ ಟೈಪ್ ಮಾಡಿದರೆ ಚೊಕ್ಕಟವಾಗಿ ಕೂರುತ್ತಿತ್ತು. ಹೊಸದಲ್ಲವೇ ಎಂದು ಯೂನಿಕೋಡ್ ಹಾಕಿದ. ಒತ್ತುಗಳೆಲ್ಲ ಕಳಚಿಕೊಂಡು ‘ಶ್‌ರೀ ಲಕ್‌ಷ್‌ಮೀನರಸಿಂಹ ಪ್‌ರಸನ್‌ನ’ ಎಂದು ಪರದೆಯ ಮೇಲೆ ಸಾಲಾಗಿ ನಿಂತವು. ದೇವರ ಹೆಸರೇ ಹೋಳಾಯಿತು. ಇದು ಹಾಸ್ಯವೋ ಭಯಾನಕವೋ ಎಂಬುದರಲ್ಲಿ ಮತಭೇದವಿದೆ. ನರಸಿಂಹನ ವಿಷಯವಾದ್ದರಿಂದ ನಾನು ಭಯಾನಕದ ಪಕ್ಷ.

ಕೊನೆಗೆ ರೆಂಡರ್. ಪರದೆಯ ಮೇಲೆ ತೆವಳುವ ಪಟ್ಟಿ ಆಲಂಬನ ವಿಭಾವ, ಹುಡುಗಿ ಕಡೆಯವರ ಫೋನು ಉದ್ದೀಪನ ವಿಭಾವ, ಉಗುರು ಕಚ್ಚುವುದು ಅನುಭಾವ. ಮೂವತ್ತಮೂರು ಸಂಚಾರಿ ಭಾವಗಳಲ್ಲಿ ಶಂಕೆ, ಚಿಂತೆ, ದೈನ್ಯ, ಮೋಹ, ಉನ್ಮಾದ ಎಲ್ಲವೂ ಒಂದೇ ರಾತ್ರಿಯಲ್ಲಿ ಬಂದುಹೋಗುತ್ತವೆ. ಪಟ್ಟಿಯಲ್ಲಿದ್ದರೂ ಬಾರದೇ ಇರುವುದು ನಿದ್ರೆಯೊಂದೇ. ಪರದೆಯ ಪಟ್ಟಿ ಶೇ 97ಕ್ಕೆ ಬಂದು ನಿಲ್ಲುತ್ತದೆ. ಆಗ ಫೋನ್.

‘ಏನ್ ತಮ್ಮ, ಕ್ಯಾಸೆಟ್ ಎಲ್ಲಿಗ್ ಬಂತು?’ ಪೆನ್‌ಡ್ರೈವಿನಲ್ಲಿ ಕೊಟ್ಟರೂ ನಮ್ಮ ಕಡೆ ಅದು ಕ್ಯಾಸೆಟ್ಟೇ.

‘ಆಗೋಗೈತೆ ಅಣ್ಣ, ರೆಂಡರಿಗೆ ಹಾಕಿದೀನಿ.’

‘ಮೊನ್ನೇನೂ ಅಂಗೇ ಅಂದೆ.’

‘ಹೊಸ ವರ್ಷನ್ ಅಣ್ಣ ಇದು. ಬೀಟಾ ಅಂತ.’

‘ಅಂಗಂದ್ರೆ?’

‘ಇನ್ನೂ ಪೂರ್ತಿ ಆಗಿಲ್ಲ ಅದು. ಟೆಸ್ಟ್ ಮಾಡಾಕೆ ಅಂತ ಬಿಟ್ಟವ್ರೆ.’

‘ನಮ್ಮ ಹುಡ್ಗಿ ಮದ್ವೇಲಿ ಟೆಸ್ಟ್ ಮಾಡ್ತಿದೀಯಾ ನೀನು?’

ಇದು ಸೂತ್ರ. ಈ ಪ್ರಬಂಧದ ಉಳಿದದ್ದೆಲ್ಲ ಇದಕ್ಕೆ ಭಾಷ್ಯ.

ಬೀಟಾ ಬೇಕೆನ್ನುವ ಪೂರ್ವಪಕ್ಷದವರನ್ನು ತಳ್ಳಿಹಾಕುವುದು ಸುಲಭವಲ್ಲ ಎಂದು ಒಪ್ಪಬೇಕು. ಅವರ ವಾದ ಹೀಗಿದೆ: ಒಂದೇ ತಂತ್ರಾಂಶ ಲೆಕ್ಕವಿಲ್ಲದಷ್ಟು ಬಗೆಯ ಕಂಪ್ಯೂಟರುಗಳಲ್ಲಿ ಓಡಬೇಕು. ಒಂದೊಂದರಲ್ಲಿ ಒಂದೊಂದು ಗ್ರಾಫಿಕ್ಸ್ ಕಾರ್ಡ್, ಅದಕ್ಕೊಂದು ಡ್ರೈವರ್, ಕ್ಯಾಮೆರಾಕ್ಕೊಂದು ಕೋಡೆಕ್. ಇವೆಲ್ಲದರ ಮೇಲೆ ಸೋದರಮಾವ ಮೊಬೈಲಿನಲ್ಲಿ ಹಿಡಿದ ವಿಡಿಯೋ. ಮೊಬೈಲು ಸೆಕೆಂಡಿಗೆ ಇಷ್ಟೇ ಫ್ರೇಮ್ ಎಂಬ ಕಟ್ಟುನಿಟ್ಟಿಗೆ ಬೀಳದೆ ಬೆಳಕು ಕಂಡಂತೆ ಹೆಚ್ಚುಕಡಿಮೆ ಮಾಡಿಕೊಳ್ಳುತ್ತದೆ. ಅದನ್ನು ಟೈಮ್‌ಲೈನಿಗೆ ಹಾಕಿದರೆ ಸ್ವಲ್ಪ ಹೊತ್ತಿನಲ್ಲೇ ಮಂತ್ರ ಮುಂದೆ, ಪುರೋಹಿತರ ಬಾಯಿ ಹಿಂದೆ. ಇಷ್ಟನ್ನೆಲ್ಲ ಒಂದು ಆಫೀಸಿನೊಳಗೆ ಕೂತು ಪರೀಕ್ಷೆ ಮಾಡಲು ಸಾಧ್ಯವೇ? ಹೊರಗಿನ ಕಣ್ಣು ಬೇಡವೇ? ಶಿಲ್ಪಿ ಜಕಣಾಚಾರಿಗೂ ತಪ್ಪು ತೋರಿಸಲು ಡಂಕಣ ಬೇಕಾಗಲಿಲ್ಲವೇ?

ಇವರು ಡಂಕಣನನ್ನು ಎಳೆದು ತಂದದ್ದೇ ತಪ್ಪಾಯಿತು. ಆ ಕಥೆ ನಮ್ಮ ತುಮಕೂರು ಜಿಲ್ಲೆಯದು. ಜಕಣಾಚಾರಿ ಕಡೆದ ಬೇಲೂರಿನ ವಿಗ್ರಹದಲ್ಲಿ ದೋಷವಿದೆ ಎಂದು ಆ ಹುಡುಗ ಹೇಳಿದ. ಮೈಗೆಲ್ಲ ಗಂಧ ಬಳಿದರು. ಎಲ್ಲ ಕಡೆ ಒಣಗಿತು, ಹೊಕ್ಕುಳಲ್ಲಿ ಒಣಗಲಿಲ್ಲ. ಒಡೆದರೆ ನೀರು, ಮರಳು, ಕಪ್ಪೆ. ಗಮನಿಸಿ: ದೋಷ ಹಿಡಿದದ್ದು ಪ್ರತಿಷ್ಠೆಗೆ ಮುಂಚೆ. ‘ಸದ್ಯಕ್ಕೆ ಪೂಜೆ ಶುರುವಾಗಲಿ, ಕಪ್ಪೆಯನ್ನು ಮುಂದಿನ ಅಪ್‌ಡೇಟಿನಲ್ಲಿ ತೆಗೆಯುತ್ತೇವೆ’ ಎಂದು ಯಾರೂ ಹೇಳಲಿಲ್ಲ. ದೋಷವಿದ್ದರೆ ಕೈ ಕಡಿದುಕೊಳ್ಳುತ್ತೇನೆಂದು ಕೊಟ್ಟ ಮಾತಿಗೆ ತಪ್ಪದೆ ಶಿಲ್ಪಿ ತನ್ನ ಬಲಗೈ ಕಡಿದುಕೊಂಡ. ತುಮಕೂರಿನ ಹತ್ತಿರದ ಕೈದಾಳದಲ್ಲಿ ಅದು ಮತ್ತೆ ಬಂತು ಎನ್ನುತ್ತಾರೆ. ಜಕಣಾಚಾರಿ ನಿಜವಾಗಿ ಇದ್ದನೆಂಬುದನ್ನು ಹಲವು ಚರಿತ್ರೆಕಾರರು ಒಪ್ಪುವುದಿಲ್ಲ. ಇದ್ದಿದ್ದರೆ ಅವನನ್ನು ಯಾವ ತಂತ್ರಾಂಶ ಕಂಪನಿಯೂ ಕೆಲಸಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲ, ಅಪ್‌ಡೇಟಿಗೊಂದು ಕೈ ಎಲ್ಲಿಂದ ತರುವುದು.

ಡಂಕಣನ ಇಂದಿನ ಸಂತತಿಯ ಪಾಡು ಬೇರೆ. ದೋಷ ಕಂಡ ಹುಡುಗ ರಾತ್ರಿ ಎದ್ದು ಕೂತು, ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ವರದಿ ಬರೆದು, ಸ್ಕ್ರೀನ್‌ಶಾಟ್ ಸೇರಿಸಿ ಕಳಿಸುತ್ತಾನೆ. ಉತ್ತರ ಬರುತ್ತದೆ: ನಮ್ಮಲ್ಲಿ ಹಾಗೆ ಆಗುತ್ತಿಲ್ಲ. ಭಾಟ್ಟ ಮೀಮಾಂಸಕರು ಅನುಪಲಬ್ಧಿಯನ್ನು ಆರನೆಯ ಪ್ರಮಾಣವೆಂದು ಹೇಳಿದಾಗ ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ ಎಂಬಷ್ಟನ್ನೇ ಹೇಳಿದ್ದರು. ನಮ್ಮ ಮನೆಯಲ್ಲಿ ಗಡಿಗೆ ಕಾಣದ್ದರಿಂದ ನಿಮ್ಮ ಮನೆಯಲ್ಲೂ ಇಲ್ಲ ಎಂಬುದು ಈ ಕಾಲದವರ ಕೊಡುಗೆ.

ಧ್ವನಿಯ ವಿಷಯ ಒಂದೆರಡು ಮಾತು. ಹೊಸ ಆವೃತ್ತಿಯ ಜೊತೆ ಬರುವ ಟಿಪ್ಪಣಿಗಳು ವ್ಯಂಗ್ಯಾರ್ಥದ ಖನಿ. ‘ಸ್ಥಿರತೆಯಲ್ಲಿ ಸುಧಾರಣೆ’ ಎಂಬುದರ ವಾಚ್ಯಾರ್ಥ ಎಲ್ಲರಿಗೂ ತಿಳಿಯುತ್ತದೆ; ನಿನ್ನೆಯವರೆಗೆ ಅದು ಬೀಳುತ್ತಿತ್ತು, ಬಿದ್ದದ್ದು ನಿಮ್ಮ ಕಂಪ್ಯೂಟರಿನ ತಪ್ಪಲ್ಲ ಎಂಬ ಧ್ವನಿ ಸಹೃದಯನಿಗೆ ಮಾತ್ರ ಕೇಳಿಸುತ್ತದೆ. ಲೈಸೆನ್ಸಿನಲ್ಲಿರುವ ‘ಇದ್ದದ್ದು ಇದ್ದಂತೆ’ ಎಂಬ ಮಾತಿಗೆ ವ್ಯಾಖ್ಯಾನ ಬೇಡ. ಅಲ್ಲಿ ವಾಚ್ಯವೇ ಸಾಕಷ್ಟು ಭಯಾನಕ.

ಉಳಿದದ್ದು ಪ್ರಾಯಶ್ಚಿತ್ತ ಪ್ರಕರಣ. ಕೈ ಕಡಿಯುವ ಪದ್ಧತಿಯನ್ನು ಮತ್ತೆ ತರಬೇಕೆಂದು ನಾನು ಹೇಳುವವನಲ್ಲ. ನನ್ನ ವಿಧಿ ಮೃದುವಾದದ್ದು. ಹಸಿಯನ್ನು ಹದವೆಂದು ಬಿಡುವ ಮುನ್ನ, ಹಾಗೆ ಬಿಡಲು ಸಹಿ ಹಾಕಿದವನ ಮನೆಯ ಮದುವೆಯೊಂದನ್ನು ಅದೇ ತಂತ್ರಾಂಶದಲ್ಲಿ, ಬ್ಯಾಕಪ್ ಇಲ್ಲದೆ, ಅವನ ಕೈಯಿಂದಲೇ ಎಡಿಟ್ ಮಾಡಿಸತಕ್ಕದ್ದು. ಕ್ಯಾಮೆರಾ ನಾಲ್ಕು, ತೋಟದ ಮೇಲೆ ಡ್ರೋನ್ ಒಂದು, ಸೋದರಮಾವನ ಮೊಬೈಲು ಕಡ್ಡಾಯ. ಹೆಸರುಗಳೆಲ್ಲ ಯೂನಿಕೋಡಿನಲ್ಲಿ. ಬೀಗರ ಊರು ಯಾವುದಾದರೂ ಆಗಬಹುದು, ತುರುವೇಕೆರೆ ಕಡೆಯಾದರೆ ಉತ್ತಮ. ಬೀಗರೂಟದ ಬಾಳೆಲೆ ಎತ್ತುವ ಮೊದಲೇ ಅವರು ಕ್ಯಾಸೆಟ್ ಕೇಳಿ ಫೋನ್ ಮಾಡುತ್ತಾರೆ.