ಕಂಟೇನರ್ ಸಂಗಮ

ನಂಜನಗೂಡಿನ ನಮ್ಮ ಮನೆಯ ಅಟ್ಟದ ಮೇಲಿರುವ ಮುದಿ ಸರ್ವರ್‌ನಲ್ಲಿ ಮೂರು ಕಂಟೇನರ್‌ಗಳಿವೆ: ಕಾವೇರಿ, ಕಪಿಲಾ, ಸ್ಫಟಿಕ. ತಿ. ನರಸೀಪುರದ ತ್ರಿವೇಣಿ ಸಂಗಮದ ಹೆಸರಿಟ್ಟರೆ ಜಗಳವಾಡದೆ ಇರುತ್ತವೆಂದು ನನ್ನ ಎಣಿಕೆ. ಅವನ್ನು ನಡೆಸುವ ಎಲ್‌ಎಕ್ಸ್‌ಸಿ ತಂತ್ರಾಂಶವನ್ನು 3.0ಕ್ಕೆ ಏರಿಸಿದ್ದೇ ತಡ, ಮೂರೂ ಒಟ್ಟಿಗೆ ಮುಷ್ಕರ ಹೂಡಿದವು!

2017ರ 2.1 ಆವೃತ್ತಿಯಲ್ಲೇ ಕಾನ್ಫಿಗ್ ಫೈಲಿನ ಹಳೇ ಸೆಟ್ಟಿಂಗ್ ಹೆಸರುಗಳಿಗೆ ನಿವೃತ್ತಿ ಘೋಷಣೆಯಾಗಿತ್ತಂತೆ. ‘ನೆಟ್‌ವರ್ಕ್.ಟೈಪ್’ ಹೋಗಿ ‘ನೆಟ್.0.ಟೈಪ್’ ಬಂತು, ‘ಯುಟಿಎಸ್‌ನೇಮ್’ ನಡುವೆ ಚುಕ್ಕೆಯಿಟ್ಟುಕೊಂಡು ‘ಯುಟಿಎಸ್.ನೇಮ್’ ಆಯಿತು. ಒಂದು ಚುಕ್ಕೆ ಸ್ವಾಮೀ! ರಸಬಾಳೆ ಸಿಪ್ಪೆಯ ಮೇಲೆ ಎಷ್ಟು ಚುಕ್ಕೆಯಿದ್ದರೂ ನಾವು ಚಕಾರವೆತ್ತದೆ ತಿನ್ನುವುದಿಲ್ಲವೇ? ನರಸೀಪುರದ ಅತ್ತೆ ಕನ್ನಡಕದ ಮೇಲಿಂದ ಇಣುಕಿ, “ಚೆನ್ನಾಗಿದ್ದದ್ದನ್ನ ಯಾಕಪ್ಪಾ ಕೆದಕ್ದೆ?” ಎಂದರು. ಯಾವ ಕೈಪಿಡಿಯಲ್ಲೂ ಇದಕ್ಕೆ ಉತ್ತರವಿಲ್ಲ.

ಕೊನೆಗೆ ‘ಎಲ್‌ಎಕ್ಸ್‌ಸಿ-ಅಪ್‌ಡೇಟ್-ಕಾನ್ಫಿಗ್’ ಎಂಬ ಪುಣ್ಯಾತ್ಮನ ಕೈಗೆ ಹಳೇ ಫೈಲುಗಳನ್ನು ಒಪ್ಪಿಸಿದೆ. ಹೆಸರುಗಳನ್ನೆಲ್ಲ ಚಕಚಕನೆ ತಿದ್ದಿಕೊಟ್ಟ. ಕಾವೇರಿ, ಕಪಿಲೆ ಹರಿದರು. ಸ್ಫಟಿಕ ಮಾತ್ರ ಸಂಪ್ರದಾಯಸ್ಥೆ, ಗುಪ್ತಗಾಮಿನಿ: ಪಟ್ಟಿಯಲ್ಲಿ ಕಾಣುತ್ತಾಳೆ, ಪಿಂಗ್ ಮಾಡಿದರೆ ಓಗೊಡುವುದಿಲ್ಲ. ನೀವೂ ಏರಿಸುವವರಿದ್ದರೆ ಮೊದಲು ಹಳೇ ಫೈಲಿನ ಒಂದು ಪ್ರತಿಯನ್ನು ಬೇರೆ ಕಡೆ ತೆಗೆದಿಡಿ, ಅತ್ತೆಗೆ ಹೇಳಬೇಡಿ.