ಬೆಂಕಿಯಿಲ್ಲದ ಹೊಗೆ: ಕೆಲಸ ಮುಟ್ಟದೆ ಸುಸ್ತು ಬಿಡಿಸುವ ಶಾಸ್ತ್ರ

ಯಾವುದೇ ಶಾಸ್ತ್ರಗ್ರಂಥ ಶುರುವಾಗುವ ಮೊದಲು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಇಲ್ಲಿ ವಿಷಯವೆಂದರೆ ಬೆಂಗಳೂರಿನ ಹೊರವರ್ತುಲ ರಸ್ತೆಯ ಇಕ್ಕೆಲದ ಗಾಜಿನ ಕಟ್ಟಡಗಳಲ್ಲಿ ಜನರನ್ನು ಹಿಂಡಿ ಹಿಪ್ಪೆ ಮಾಡುತ್ತಿರುವ ಬರ್ನ್‌ಔಟ್. ಪ್ರಯೋಜನವೆಂದರೆ, ಕೆಲಸದಲ್ಲಿ ಗುಲಗಂಜಿಯಷ್ಟನ್ನೂ ಕಡಿಮೆ ಮಾಡದೆ ಆ ಸುಸ್ತನ್ನು ಬಿಡಿಸುವುದು. ಸಂಬಂಧದ ಮಾತಿಗೆ ಬಂದರೆ, ಕೆಲಸಕ್ಕೂ ಸುಸ್ತಿಗೂ ಯಾವ ಸಂಬಂಧವೂ ಇಲ್ಲವೆಂಬುದೇ ನಮ್ಮ ಸಿದ್ಧಾಂತ. ಇನ್ನು ಇದನ್ನು ಓದಲು ಅಧಿಕಾರಿಗಳು ಯಾರು? ಎಚ್‌ಆರ್ ವಿಭಾಗದವರು, ಡೆಲಿವರಿ ಮ್ಯಾನೇಜರುಗಳು, ಕೋಚಿಂಗ್ ಸೆಂಟರುಗಳ ಮಾಲೀಕರು. ಸ್ವತಃ ಸುಸ್ತಾದವರಿಗೆ ಓದುವ ಪುರುಸೊತ್ತಿಲ್ಲವಾದ್ದರಿಂದ ಅವರು ಸಹಜವಾಗಿಯೇ ಅನಧಿಕಾರಿಗಳು.

ಮೊದಲು ಲಕ್ಷಣ ವಿಚಾರ. ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್, ಉಚಿತ ಚಿಕಿತ್ಸಾಲಯವೊಂದರಲ್ಲಿ ಸೇವೆಗೆಂದು ಉತ್ಸಾಹದಿಂದ ಬಂದವರು ಕ್ರಮೇಣ ಬತ್ತಿಹೋಗುವುದನ್ನು ಕಂಡು 1974ರಲ್ಲಿ ಈ ಸ್ಥಿತಿಯನ್ನು ವರ್ಣಿಸಿದರು. ಮುಂದೆ ಕ್ರಿಸ್ಟಿನಾ ಮ್ಯಾಸ್ಲಾಕ್ ಇದಕ್ಕೆ ಮೂರು ಲಕ್ಷಣ ಹೇಳಿದರು: ಪೂರ್ತಿ ಬಳಲಿಕೆ, ಕೆಲಸದ ಬಗ್ಗೆ ತಾತ್ಸಾರ, ತನ್ನಿಂದ ಏನೂ ಆಗದೆಂಬ ಭಾವ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕಾಯಿಲೆಯಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ ಎಂದು ತನ್ನ ವರ್ಗೀಕರಣದಲ್ಲಿ ವಿವರಿಸಿತು; ಸರಿಯಾಗಿ ನಿಭಾಯಿಸದೆ ಬಿಟ್ಟ ದೀರ್ಘಕಾಲದ ಒತ್ತಡ ಇದಕ್ಕೆ ಮೂಲವೆಂದಿತು. ನಿಭಾಯಿಸಬೇಕಾದವರು ಯಾರೆಂದು ಅಲ್ಲಿ ಹೇಳಿಲ್ಲ. ಮೂಲದಲ್ಲಿ ಬಿಟ್ಟುಹೋದದ್ದನ್ನು ಅಧ್ಯಾಹಾರ ಮಾಡಿಕೊಳ್ಳುವುದು ವ್ಯಾಖ್ಯಾನಕಾರರ ಹಕ್ಕು. ಆದ್ದರಿಂದ ‘ನೌಕರನೇ’ ಎಂದು ತುಂಬಿಕೊಳ್ಳತಕ್ಕದ್ದು. ಇದೇ ಮ್ಯಾಸ್ಲಾಕ್, ಮೈಕೆಲ್ ಲೈಟರ್ ಜೊತೆಗೂಡಿ ಸುಸ್ತಿನ ಮೂಲವನ್ನು ಆರು ಕಡೆ ಹುಡುಕಬೇಕೆಂದಿದ್ದಾರೆ: ಕೆಲಸದ ಹೊರೆ, ಅದರ ಮೇಲಿನ ಹಿಡಿತ, ಪ್ರತಿಫಲ, ಜೊತೆಗಾರರ ಬಳಗ, ನ್ಯಾಯ, ಮೌಲ್ಯ. ಆರೂ ಆಫೀಸಿನಲ್ಲಿವೆ, ಒಂದೂ ನೌಕರನ ಶ್ವಾಸಕೋಶದಲ್ಲಿಲ್ಲ. ಹಾಗಾಗಿ ಈ ಭಾಗವನ್ನು ಪ್ರಕ್ಷಿಪ್ತವೆಂದು ಕೈಬಿಡಲಾಗಿದೆ.

ಈಗ ಪ್ರಮಾಣ ವಿಚಾರ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ಊಹಿಸಬೇಕು ಎಂಬುದು ತರ್ಕಶಾಸ್ತ್ರ ಕಲಿಯುವ ಹುಡುಗರಿಗೆ ಮೊದಲು ಹೇಳಿಕೊಡುವ ಪಾಠ. ನಮ್ಮ ಪಂಥ ಇದನ್ನು ಒಪ್ಪುವುದಿಲ್ಲ. ನೌಕರನಲ್ಲಿ ಹೊಗೆ ಕಂಡರೆ ಅದು ಹೊಗೆ ಮಾತ್ರ. ಅದನ್ನು ಹಿಡಿದುಕೊಂಡು ಕೆಲಸದ ಹಂಚಿಕೆಯವರೆಗೆ ಹೋಗಿ ಬೆಂಕಿ ಹುಡುಕುವುದು ಅತಿಪ್ರಸಂಗ. ಹೊಗೆಗೆ ಹೊಗೆಯ ಮಟ್ಟದಲ್ಲೇ ಚಿಕಿತ್ಸೆಯಾಗಬೇಕು. ಅದರ ವಿಧಾನ ಹೀಗೆ: ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ‘ಒತ್ತಡಮುಕ್ತ ಬದುಕು’ ಎಂಬ ವೆಬಿನಾರ್. ಹಾಜರಾತಿ ಐಚ್ಛಿಕ, ಬಾರದವರ ಪಟ್ಟಿ ಮಾತ್ರ ಮ್ಯಾನೇಜರಿಗೆ ಹೋಗುತ್ತದೆ. ಕ್ಯಾಮೆರಾ ಆನ್ ಇರಬೇಕು, ಕಣ್ಣು ಮುಚ್ಚಿರಬೇಕು. ತರಬೇತುದಾರರು ನಾಲ್ಕು ಎಣಿಸುವವರೆಗೆ ಉಸಿರು ಒಳಗೆಳೆದುಕೊಳ್ಳಲು ಹೇಳುತ್ತಾರೆ. ಎರಡು ಎಣಿಸುವಷ್ಟರಲ್ಲಿ ಪರದೆಯ ಮೂಲೆಯಲ್ಲಿ ‘ಫ್ರೀ ಇದೀರಾ? ಐದೇ ನಿಮಿಷ, ಪ್ರೊಡಕ್ಷನ್ ಇಶ್ಯೂ’ ಎಂಬ ಸಂದೇಶ ಮೂಡುತ್ತದೆ. ಉಳಿದ ಎರಡು ಎಣಿಕೆಯನ್ನು ಸಾಧಕನು ಲಾಗ್ ಫೈಲ್ ತೆರೆಯುತ್ತಲೇ ಪೂರೈಸತಕ್ಕದ್ದು. ಕೊನೆಗೆ ಫೀಡ್‌ಬ್ಯಾಕ್ ಫಾರಂ ತುಂಬಿದರೆ ವಿಧಿ ಸಾಂಗವಾಗುತ್ತದೆ.

ಪೂರ್ವಪಕ್ಷದವರು ಇಲ್ಲಿ ಮೊದಲ ಆಕ್ಷೇಪ ಎತ್ತುತ್ತಾರೆ: ಸುಸ್ತು ಗಂಟೆಗಳ ಲೆಕ್ಕದ್ದು. ಅವರ ಕೈಯಲ್ಲಿರುವ ಪುರಾವೆ ಹಳೆಯದು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳ ಕೆಲಸಗಾರರ ಆರೋಗ್ಯ ಪರಿಶೀಲಿಸಲು 1915ರಲ್ಲಿ ಒಂದು ಸಮಿತಿ ನೇಮಕವಾಯಿತು. ಯುದ್ಧ ಗೆಲ್ಲಲು ಹೆಚ್ಚು ಗುಂಡು ಬೇಕು, ಹೆಚ್ಚು ಗುಂಡಿಗೆ ಹೆಚ್ಚು ಗಂಟೆ ಬೇಕು ಎಂದುಕೊಂಡಿದ್ದ ಸರ್ಕಾರದ ಮುಂದೆ, ಎಷ್ಟು ಗಂಟೆಗೆ ಎಷ್ಟು ಮಾಲು ಎಂಬ ಲೆಕ್ಕ ಬಂದು ಕೂತಿತು. ಆ ಅಂಕಿಗಳನ್ನು ಸ್ಟ್ಯಾನ್‌ಫರ್ಡಿನ ಅರ್ಥಶಾಸ್ತ್ರಜ್ಞ ಜಾನ್ ಪೆಂಕವೆಲ್ 2014ರಲ್ಲಿ ಮತ್ತೆ ಪರಿಶೀಲಿಸಿದಾಗ, ವಾರಕ್ಕೆ 49 ಗಂಟೆ ದಾಟಿದ ಮೇಲೆ ಪ್ರತಿ ಹೆಚ್ಚುವರಿ ಗಂಟೆಯ ಫಲ ಇಳಿಯುತ್ತಾ ಹೋಗಿ, 70 ಗಂಟೆ ದುಡಿದವರ ಉತ್ಪಾದನೆಗೂ 56 ಗಂಟೆ ದುಡಿದವರ ಉತ್ಪಾದನೆಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲವೆಂದು ಕಂಡುಬಂತು. ಸಮಾಧಾನ ಸುಲಭವಾಗಿದೆ. ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕೆಂದು 2023ರ ಅಕ್ಟೋಬರಿನಲ್ಲಿ ಎನ್.ಆರ್. ನಾರಾಯಣ ಮೂರ್ತಿಯವರು ಹೇಳಿದ್ದಾರೆ. 2025ರ ಜನವರಿಯಲ್ಲಿ ಎಲ್ ಆಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರ ಮಾತು ಅದನ್ನು 90ಕ್ಕೆ ಏರಿಸಿತು. ಆಪ್ತವಾಕ್ಯದ ಮುಂದೆ ಅಂಕಿ ನಿಲ್ಲದು. ಮೇಲಾಗಿ, 56ರಿಂದ 70ರವರೆಗಿನ ಆ ಹದಿನಾಲ್ಕು ಗಂಟೆಗಳಲ್ಲಿ ಫಲವೇ ಇಲ್ಲವೆಂದು ಆಕ್ಷೇಪಕರೇ ಸಾಧಿಸಿಕೊಟ್ಟಿದ್ದಾರೆ. ಫಲವಿಲ್ಲದೆಯೂ ಮಾಡುವ ಕೆಲಸವೇ ನಿಷ್ಕಾಮ ಕರ್ಮ. ಅದಕ್ಕಿಂತ ದೊಡ್ಡ ಸಾಧನೆಯನ್ನು ಹೊರವರ್ತುಲ ರಸ್ತೆಯಲ್ಲಿ ಬೇರೆಲ್ಲಿ ಹುಡುಕೋಣ?

ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಹೇಳಿದ್ದುಂಟು. 2016ರ ಒಂದೇ ವರ್ಷದಲ್ಲಿ ಹೀಗೆ ಸತ್ತವರು ಸುಮಾರು 7.45 ಲಕ್ಷ ಎಂಬುದು ಅವರ ಅಂದಾಜು. ನಮ್ಮ ಪಂಥ ಈ ಅಂಕಿಯನ್ನು ಅಲ್ಲಗಳೆಯುವುದಿಲ್ಲ. ಸತ್ತವರಾರೂ ಬರ್ನ್‌ಔಟ್ ಆಗಿದೆಯೆಂದು ಮತ್ತೆ ದೂರಿಲ್ಲವೆಂಬುದನ್ನಷ್ಟೇ ಗಮನಕ್ಕೆ ತರುತ್ತದೆ.

ಎರಡನೇ ಆಕ್ಷೇಪ ನೇರ ನಮ್ಮ ಬುಡಕ್ಕೇ ಕೈಹಾಕುತ್ತದೆ. ಆಕ್ಸ್‌ಫರ್ಡಿನ ವಿಲಿಯಂ ಫ್ಲೆಮಿಂಗ್ ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಉತ್ತರಗಳನ್ನು ಪರಿಶೀಲಿಸಿ, ಧ್ಯಾನದ ತರಗತಿ, ಸಹನಶಕ್ತಿಯ ತರಬೇತಿ, ನಿದ್ರೆಯ ಆ್ಯಪ್ ಮುಂತಾದವನ್ನು ಪಡೆದವರು ಪಡೆಯದವರಿಗಿಂತ ಹೆಚ್ಚು ನೆಮ್ಮದಿಯಾಗೇನೂ ಇಲ್ಲವೆಂದು 2024ರಲ್ಲಿ ಪ್ರಕಟಿಸಿದರು. ವೆಬಿನಾರಿಗೆ ಗುಣವಿಲ್ಲ ಎಂದು ಇದರಿಂದ ತೀರ್ಮಾನಿಸುವುದು ಅವಸರ. ವೆಬಿನಾರು ಸಾಲದು ಎಂದೇ ತೀರ್ಮಾನಿಸಬೇಕು. ಮಂತ್ರ ಫಲಿಸದಿದ್ದರೆ ಜಪಸಂಖ್ಯೆ ಹೆಚ್ಚಿಸುವುದು ಶಾಸ್ತ್ರಸಮ್ಮತ. ಕೆಲವರು ವೆಬಿನಾರಿನ ಬದಲು ರಜೆ ಕೇಳುತ್ತಾರೆ. ಆದರೆ ಪ್ರವಾಸದಿಂದ ಬಂದ ಚೈತನ್ಯ ಕೆಲಸಕ್ಕೆ ಮರಳಿದ ಒಂದು ವಾರದೊಳಗೇ ಇಳಿದುಹೋಗುತ್ತದೆಂದು ಜೆಸಿಕಾ ಡಿ ಬ್ಲೂಮ್ ಅವರ ಅಧ್ಯಯನಗಳು ತೋರಿಸಿವೆ. ವಾರದೊಳಗೆ ಆ ಚೈತನ್ಯವನ್ನು ತಿಂದುಹಾಕುವಂಥದ್ದು ಆಫೀಸಿನಲ್ಲಿ ಏನಿದೆ ಎಂದು ಕೇಳುವುದು ಪುನಃ ಬೆಂಕಿ ಹುಡುಕುವ ಚಾಳಿ. ರಜೆಯೇ ನಿಷ್ಪ್ರಯೋಜಕ ಎನ್ನುವುದು ಸರಳ ತೀರ್ಮಾನ. ಆದರೂ ಕೊಡಲೇಬೇಕಾಗಿ ಬಂದರೆ ವಿಧಿಯುಂಟು. ಅರ್ಜಿಯಲ್ಲಿ ‘ಬ್ಯಾಕಪ್ ಯಾರು?’ ಎಂಬ ಕಾಲಂ ಇರಬೇಕು. ಅಲ್ಲಿ ಬರೆದ ಹೆಸರಿನವನು ಆಗಲೇ ಇನ್ನಿಬ್ಬರಿಗೆ ಬ್ಯಾಕಪ್ ಆಗಿರಬೇಕು. ‘ಲ್ಯಾಪ್‌ಟಾಪ್ ಜೊತೇಲಿರಲಿ, ತೀರಾ ಅರ್ಜೆಂಟ್ ಆದ್ರೆ ಮಾತ್ರ ಪಿಂಗ್ ಮಾಡ್ತೀವಿ’ ಎಂಬ ಅಭಯದೊಂದಿಗೆ ಕಳಿಸಿಕೊಡಬೇಕು. ಸಕಲೇಶಪುರದ ಹೋಂಸ್ಟೇ ಹಿಂದಿನ ಕಾಫಿ ತೋಟದಲ್ಲಿ ಮಂಜಿನ ನಡುವೆ ಎರಡು ಕಡ್ಡಿ ನೆಟ್‌ವರ್ಕಿಗಾಗಿ ಫೋನನ್ನು ತಲೆಯ ಮೇಲೆತ್ತಿ ಹಿಡಿದು ಓಡಾಡುವವನನ್ನು ಕಂಡರೆ, ರಜೆ ಶಾಸ್ತ್ರೋಕ್ತವಾಗಿ ನಡೆದಿದೆಯೆಂದು ತಿಳಿಯಬೇಕು.

ಮೂರನೇ ಆಕ್ಷೇಪದವರು ಪರದೇಶದ ಮಾತು ತೆಗೆಯುತ್ತಾರೆ. ಬ್ರಿಟನ್ನಿನಲ್ಲಿ 2022ರ ದ್ವಿತೀಯಾರ್ಧದಲ್ಲಿ 61 ಕಂಪನಿಗಳು ಸಂಬಳ ಕಡಿತವಿಲ್ಲದೆ ನಾಲ್ಕು ದಿನದ ವಾರವನ್ನು ಪ್ರಯೋಗಿಸಿದವು. ಶೇ. 71ರಷ್ಟು ನೌಕರರಲ್ಲಿ ಬರ್ನ್‌ಔಟ್ ಇಳಿಯಿತು, ಪ್ರಯೋಗ ಮುಗಿದ ಮೇಲೂ 56 ಕಂಪನಿಗಳು ಅದನ್ನೇ ಮುಂದುವರಿಸಿದವು. ಹಾಗಾದರೆ ಐದನೇ ದಿನ ಇಷ್ಟು ವರ್ಷ ಏನು ನಡೆಯುತ್ತಿತ್ತು ಎಂಬ ಮುಜುಗರದ ಪ್ರಶ್ನೆ ಹುಟ್ಟುತ್ತದಲ್ಲ, ಅದಕ್ಕಾಗಿಯೇ ಇಂಥ ಪ್ರಯೋಗಗಳನ್ನು ನಾವು ನಿಷೇಧಿಸುವುದು. ಕರ್ನಾಟಕದ ದಾರಿ ಇದಕ್ಕಿಂತ ಶಾಸ್ತ್ರೀಯವಾಗಿದೆ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಗೆ ತಿದ್ದುಪಡಿ ತಂದು ದಿನದ ದುಡಿಮೆಯನ್ನು 9ರಿಂದ 10 ಗಂಟೆಗೆ, ಓವರ್‌ಟೈಮ್ ಸೇರಿಸಿ 10ರಿಂದ 12 ಗಂಟೆಗೆ ಏರಿಸುವ ಪ್ರಸ್ತಾಪ 2025ರಲ್ಲಿ ಸರ್ಕಾರದ ಮುಂದಿತ್ತು, ನೌಕರರ ಸಂಘಟನೆಗಳು ಅದನ್ನು ವಿರೋಧಿಸಿದವು. ಪ್ರಸ್ತಾಪದಲ್ಲಿ ನಮಗೆ ಕಂಡ ಕೊರತೆ ಒಂದೇ: ದಿನಕ್ಕೆ 24 ಗಂಟೆ ಮಾತ್ರ ಇರುವುದನ್ನು ತಿದ್ದುಪಡಿಯ ವ್ಯಾಪ್ತಿಗೆ ತಂದಿರಲಿಲ್ಲ.

ಇದೇ ನ್ಯಾಯವನ್ನು ವಿದ್ಯಾರ್ಥಿಗಳಿಗೂ ವಿಸ್ತರಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ವಿವರಣೆ ಉದ್ಯೋಗಕ್ಕೆ ಮಾತ್ರ ಅನ್ವಯಿಸುವುದರಿಂದ, ಬೆಳಗಿನಿಂದ ಪಿಯು ಕಾಲೇಜು, ಸಂಜೆಯಿಂದ ನೀಟ್ ಕೋಚಿಂಗ್, ಭಾನುವಾರ ಮಾಕ್ ಟೆಸ್ಟ್ ಎಂದು ಓಡುವ ಹದಿನೇಳರ ಹುಡುಗಿಗೆ ಬರ್ನ್‌ಔಟ್ ಬರಲು ಲಕ್ಷಣತಃ ಸಾಧ್ಯವೇ ಇಲ್ಲ. ಕೋಚಿಂಗಿಗೆ ಹೆಸರಾದ ರಾಜಸ್ಥಾನದ ಕೋಟಾದಲ್ಲಿ ಮಕ್ಕಳು ಒಬ್ಬರ ಹಿಂದೊಬ್ಬರು ಪ್ರಾಣ ಕಳೆದುಕೊಂಡಾಗ, 2023ರ ಆಗಸ್ಟಿನಲ್ಲಿ ಜಿಲ್ಲಾಡಳಿತವು ಹಾಸ್ಟೆಲ್ ಕೊಠಡಿಗಳ ಫ್ಯಾನುಗಳಿಗೆ ಸ್ಪ್ರಿಂಗ್ ಅಳವಡಿಸಬೇಕೆಂದು ಆದೇಶಿಸಿತು. ವೇಳಾಪಟ್ಟಿಯನ್ನು ಬಿಟ್ಟು ಫ್ಯಾನನ್ನು ಹಿಡಿದ ಈ ಕ್ರಮ ನಮ್ಮ ಪಂಥದ ಪರಾಕಾಷ್ಠೆ. ಅದೇ ತಿಂಗಳು, ಎರಡು ತಿಂಗಳ ಕಾಲ ಪರೀಕ್ಷೆಗಳನ್ನು ನಿಲ್ಲಿಸಬೇಕೆಂದೂ ಅದೇ ಆಡಳಿತ ಸೂಚಿಸಿದ್ದು ಮಾತ್ರ ಶುದ್ಧ ಶಾಸ್ತ್ರಭ್ರಷ್ಟತೆ.

ಕೊನೆಗೆ ಉಳಿಯುವವರು ನಾಸ್ತಿಕರು. ಇವರದ್ದು ಬಹಳ ಒರಟು ಮತ: ಖಾಲಿ ಬಿದ್ದ ಹುದ್ದೆಗೆ ಜನ ತೆಗೆದುಕೊಳ್ಳಿ, ರಾತ್ರಿ ಹತ್ತರ ಕಾಲ್ ಇದ್ದವರಿಗೆ ಬೆಳಗಿನ ಸ್ಟ್ಯಾಂಡ್‌ಅಪ್ ಮೀಟಿಂಗ್ ಬಿಡಿ, ರಜೆಯಲ್ಲಿದ್ದವರ ಅಕೌಂಟ್ ಮುಚ್ಚಿ, ಒಂದು ಕೆಲಸ ಹೊಸದಾಗಿ ಕೊಟ್ಟರೆ ಯಾವ ಹಳೆಯದನ್ನು ಬಿಡಬೇಕೆಂದೂ ಹೇಳಿ. ಇದರಲ್ಲಿ ತತ್ತ್ವವಿಲ್ಲ, ತರಬೇತುದಾರರಿಗೆ ಜಾಗವಿಲ್ಲ, ಸ್ಲೈಡಿನಲ್ಲಿ ಹಾಕಲು ಕಮಲದ ಹೂವಿನ ಚಿತ್ರವೂ ಇಲ್ಲ. ಇಂಥ ಕ್ರಮಗಳಿಂದ ಸುಸ್ತು ಇಳಿದೀತು ಎಂಬುದನ್ನು ನಾವು ನಿರಾಕರಿಸಲಾರೆವು. ಆದರೆ ಖರ್ಚು ನೌಕರನ ತಲೆಯ ಮೇಲಿನಿಂದ ಕಂಪನಿಯ ಲೆಕ್ಕಪುಸ್ತಕಕ್ಕೆ ವರ್ಗವಾಗುತ್ತದೆ. ಶಾಸ್ತ್ರ ಹುಟ್ಟಿದ್ದೇ ಅದನ್ನು ತಡೆಯಲಿಕ್ಕೆ.

ಇನ್ನು ಫಲಶ್ರುತಿ. ಇದನ್ನು ನಿತ್ಯವೂ ಸ್ಟ್ಯಾಂಡ್‌ಅಪ್ಪಿಗೆ ಮುಂಚೆ ಪಠಿಸುವ ಮ್ಯಾನೇಜರಿಗೆ ಬಜೆಟ್ಟಿನಲ್ಲಿ ಉಳಿತಾಯವೂ, ಎಚ್‌ಆರ್‌ನವರಿಗೆ ‘ಉತ್ತಮ ಕೆಲಸದ ತಾಣ’ವೆಂಬ ಫಲಕವೂ, ತರಬೇತುದಾರರಿಗೆ ಮುಂದಿನ ವರ್ಷದ ಗುತ್ತಿಗೆಯೂ ಲಭಿಸುವುವು. ಸುಸ್ತಾದವನಿಗೆ ಏನು ಲಭಿಸುವುದೆಂದು ಹೇಳಿಲ್ಲ. ಅವನು ರಾಜೀನಾಮೆ ಕೊಟ್ಟು ತೊಂಬತ್ತು ದಿನದ ನೋಟಿಸ್ ಪೀರಿಯಡ್ಡಿನಲ್ಲಿದ್ದಾನೆ, ಅವನ ಕೆಲಸವನ್ನು ಉಳಿದ ಮೂವರಿಗೆ ಹಂಚಲಾಗಿದೆ. ಆ ಮೂವರ ಸುಸ್ತನ್ನು ಈ ಗ್ರಂಥದ ದ್ವಿತೀಯ ಪ್ರಕರಣದಲ್ಲಿ ಚರ್ಚಿಸಲಾಗುವುದು.