ನಮ್ಮವರು ಮುಂದಿದ್ದಾರೆ

ಸಾಲಿನಲ್ಲಿ ನಿಲ್ಲುವುದನ್ನು ದಹಿಸರ್‌ನವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಶ್ಚಿಮ ರೈಲ್ವೆಯಲ್ಲಿ ಮುಂಬಯಿ ಮಹಾನಗರಪಾಲಿಕೆಯ ಕಟ್ಟಕಡೆಯ ಸ್ಟೇಷನ್ ನಮ್ಮದು. ಮುಂದಿನ ಮೀರಾ ರೋಡ್ ಆಗಲೇ ಠಾಣೆ ಜಿಲ್ಲೆ. ಸಂಜೆ ವಿರಾರ್ ಲೋಕಲ್ ಹತ್ತಿದವನು ದಹಿಸರ್‌ನಲ್ಲೇ ಇಳಿಯಬೇಕೆಂದಿದ್ದರೆ ಬೊರಿವಲಿಗೆ ಮೊದಲೇ ಎದ್ದು ಬಾಗಿಲಿಗೆ ಮುಖ ಮಾಡಬೇಕು. ಎದುರಿನ ಬೆನ್ನಿಗೆ “ದಹಿಸರ್?” ಎಂದು ಒಂದೇ ಮಾತು ಕೇಳಬೇಕು. ಬೆನ್ನು ಹೌದೆಂದರೆ ಅದರ ಹಿಂದೆ ನಿಲ್ಲುವುದು, ಇಲ್ಲವೆಂದರೆ ಅದು ಪಕ್ಕಕ್ಕೆ ಸರಿದು ದಾರಿ ಬಿಡುವುದು. ಸೀಟಿನದೂ ಇದೇ ಕಾನೂನು. ಕೂತವನನ್ನು “ಕಹಾಂ ಉತರೋಗೇ?” ಎಂದು ಮೊದಲು ಕೇಳಿದವನೇ ಆ ಸೀಟಿನ ವಾರಸುದಾರ. ರಿಜಿಸ್ಟ್ರೇಷನ್ ಇಲ್ಲ, ಸ್ಟಾಂಪ್ ಡ್ಯೂಟಿ ಇಲ್ಲ. ಆದರೂ ಆ ಹಕ್ಕನ್ನು ಪ್ರಶ್ನಿಸುವ ಗಂಡಸು ಡಬ್ಬಿಯಲ್ಲಿ ಇನ್ನೂ ಹುಟ್ಟಿಲ್ಲ. ಸ್ಟೇಷನ್ನಿನ ಹೊರಗೆ ಶೇರ್ ರಿಕ್ಷಾಕ್ಕೂ ಸಾಲು, ಬೆಸ್ಟ್ ಬಸ್ಸಿಗೂ ಸಾಲು. ಊರಿನಿಂದ ಮೊದಲ ಸಲ ಬಂದವರು ಇದನ್ನು ನೋಡಿ, ಯಾರೋ ದೊಡ್ಡವರು ತೀರಿಕೊಂಡಿದ್ದಾರೇನೋ ಎಂದು ಗಾಬರಿಯಾಗುವುದುಂಟು.

ಮುಂಬಯಿಯವರು ಹುಟ್ಟಾ ಸಭ್ಯರು ಎಂದು ಇದಕ್ಕೆ ಅರ್ಥವಲ್ಲ. ನನ್ನ ಸಿದ್ಧಾಂತ ಬೇರೆ. ನಾಳೆಯೂ ಅದೇ ಗಾಡಿ, ಅದೇ ಡಬ್ಬಿ, ಅವೇ ಮುಖಗಳು. ಇವತ್ತು ಒಬ್ಬನ ಕಾಲು ತುಳಿದು ನುಗ್ಗಿದರೆ ನಾಳೆ ಬೆಳಿಗ್ಗೆ ಅವನ ಮೊಣಕೈಯೇ ನಮ್ಮ ಪಕ್ಕೆಲುಬಿಗೆ ನೆರೆಮನೆ. ಸಭ್ಯತೆ ಎನ್ನುವುದು ನಾಳೆಯ ಭಯ. ಈ ಸಿದ್ಧಾಂತವನ್ನು ನಾನು ಮನೆಯಲ್ಲಿ ಊಟದ ಹೊತ್ತಿಗೆ ಮಂಡಿಸುತ್ತಿರುತ್ತೇನೆ. ಹೆಂಡತಿ, “ಸಾರು ಬೇಕಾ, ಮಜ್ಜಿಗೆಯಾ?” ಎಂದು ಅಲ್ಲಿಗೇ ಸಭೆ ಬರಖಾಸ್ತು ಮಾಡುತ್ತಾಳೆ.

ಮನೆಯಲ್ಲಿ ನನ್ನ ಪಾಂಡಿತ್ಯಕ್ಕೆ ಬೆಲೆ ಇಷ್ಟೇ. ನಮ್ಮದು ಒಂದು ಬೆಡ್‌ರೂಮಿನ ಮನೆ, ಬಾತ್‌ರೂಮೂ ಒಂದೇ. ಮೇ ರಜೆಗೆ ಬೆಂಗಳೂರಿನಿಂದ ಭಾವ, ಅವನ ಹೆಂಡತಿ, ಇಬ್ಬರು ಮಕ್ಕಳು, ಜತೆಗೆ ಬ್ರಹ್ಮಾವರದಿಂದ ಅತ್ತೆ ಬಂದಿಳಿದಾಗ ನಾನು ಯಾರು ಯಾವಾಗ ಸ್ನಾನಕ್ಕೆ ಹೋಗತಕ್ಕದ್ದು ಎಂದು ವೇಳಾಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಅದರ ಮೇಲೆಯೇ ಹೆಂಡತಿ ಹಾಲಿನವನ ಲೆಕ್ಕ ಬರೆದಳು. ಅತ್ತೆ ನಾಲ್ಕೂವರೆಗೆ ಒಳಹೊಕ್ಕರೆ ಸ್ತೋತ್ರಗಳೆಲ್ಲ ಮುಗಿಯದೆ ಚಿಲಕ ತೆಗೆಯುವುದಿಲ್ಲ. ಭಾವನ ಮಗಳು “ಮಾವ, ಎರಡೇ ನಿಮಿಷ” ಎಂದು ನನ್ನ ಕೈಕೆಳಗಿಂದ ನುಸುಳಿದರೆ, ಆ ಎರಡು ನಿಮಿಷದಲ್ಲಿ ನಾನು ಪೇಪರನ್ನು ವರ್ಗೀಕೃತ ಜಾಹೀರಾತಿನ ತನಕ ಓದಿ ಮುಗಿಸಿರುತ್ತೇನೆ. ಟವೆಲನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತ ಯಜಮಾನನನ್ನು ನೋಡಿ ಕೆಲಸದವಳು ಕೂಡ ಒಮ್ಮೆ, “ಸಾಹೇಬ್, ಆಜ್ ಛುಟ್ಟೀ?” ಎಂದು ಕೇಳಿದಳು.

ಇಂಥ ದಿನಗಳಲ್ಲೇ ಭಾವನಿಗೆ ಗೊರಾಯಿಗೆ ಹೋಗುವ ಆಸೆ ಹುಟ್ಟಿತು. ಅವನ ಬಾಲ್ಯವೆಲ್ಲ ದೂರದರ್ಶನದ ಜಾಹೀರಾತಿನಲ್ಲಿ ಎಸ್ಸೆಲ್ ವರ್ಲ್ಡ್ ನೋಡಿಯೇ ಕಳೆದದ್ದು. ಮನೆಗೆ ಹೋಗುವುದೇ ಇಲ್ಲವೆಂದು ಹಟ ಹಿಡಿದ ಆ ಹಾಡು ಅವನಿಗೆ ಇನ್ನೂ ಬಾಯಿಪಾಠ. 1989ರಲ್ಲಿ ತೆರೆದ ಆ ಉದ್ಯಾನ 2022ರಲ್ಲಿ ಮುಚ್ಚಿತು ಎಂದು ತಿಳಿಸಿದಾಗ ಅವನ ಮುಖ ನೋಡಲಾಗಲಿಲ್ಲ. ಪಕ್ಕದಲ್ಲೇ 1998ರಲ್ಲಿ ಶುರುವಾದ ವಾಟರ್ ಕಿಂಗ್‌ಡಮ್ ಇದೆ, ಅಲ್ಲಿಗಾದರೂ ಹೋಗುವ ಎಂದು ಹೆಂಡತಿ ತೀರ್ಪು ಕೊಟ್ಟಳು. ದಹಿಸರ್‌ನಿಂದ ಲಿಂಕ್ ರೋಡ್ ಹಿಡಿದು ಬೊರಿವಲಿಯ ಗೊರಾಯಿ ಜೆಟ್ಟಿಗೆ ರಿಕ್ಷಾ, ಅಲ್ಲಿಂದ ಖಾಡಿ ದಾಟಲು ದೋಣಿ. ರಸ್ತೆಯಲ್ಲೇ ಹೋಗುವುದಾದರೆ ಭಾಯಂದರ್, ಉತ್ತನ್ ಎಂದು ಊರೆಲ್ಲ ಸುತ್ತಬೇಕು.

ದೋಣಿಯಿಂದಲೇ ವಿಪಶ್ಯನಾ ಪಗೋಡದ ಚಿನ್ನದ ಬಣ್ಣದ ಗುಮ್ಮಟ ಕಾಣುತ್ತದೆ. 2009ರಲ್ಲಿ ರಾಷ್ಟ್ರಪತಿ ಪ್ರತಿಭಾ ಪಾಟೀಲರು ಉದ್ಘಾಟಿಸಿದ್ದು. ಒಳಗೆ ಒಂದು ಕಂಬವೂ ಇಲ್ಲದೆ ಎಂಟು ಸಾವಿರ ಜನ ಒಟ್ಟಿಗೆ ಕೂತು ತಮ್ಮ ಉಸಿರನ್ನು ಗಮನಿಸಬಹುದು. ಅದರ ನೆರೆಯಲ್ಲೇ, ನೀರಿನ ಜಾರುಬಂಡೆಯ ಮೆಟ್ಟಿಲ ಮೇಲೆ ನಿಂತು ನಾನು ಗಮನಿಸಿದ್ದು ಹಿಂದಿನವನ ಉಸಿರನ್ನು. ಅದು ನನ್ನ ಕತ್ತಿನ ಮೇಲೇ ಬೀಳುತ್ತಿತ್ತು, ವಡಾಪಾವಿನ ಬೆಳ್ಳುಳ್ಳಿ ಚಟ್ನಿ ಸಮೇತ.

ಲೋಕಲ್ ರೈಲಿನಲ್ಲಿ ನನಗಿರುವ ಘನತೆಯ ಅರ್ಧಪಾಲು ಇಸ್ತ್ರಿ ಮಾಡಿದ ಅಂಗಿಯದು ಎಂದು ಗೊತ್ತಾದದ್ದೂ ಅಲ್ಲೇ. ಬಾಡಿಗೆಯ ನೈಲಾನ್ ಚಡ್ಡಿಯಲ್ಲಿ, ಹೊಟ್ಟೆಯನ್ನು ಲೋಕಕ್ಕೆ ಬಿಟ್ಟುಕೊಟ್ಟು, ತಲೆಯ ಮೇಲೆ ಹಳದಿ ಟ್ಯೂಬ್ ಹೊತ್ತು, ಕಾದ ಮೆಟ್ಟಿಲ ಮೇಲೆ ಒಂದು ಕಾಲು ಎತ್ತಿ ಒಂದು ಕಾಲು ಇಳಿಸಿ ನಿಂತವನ ಬಾಯಲ್ಲಿ ಧರ್ಮೋಪದೇಶ ಕೂರುವುದಿಲ್ಲ. ನನ್ನ ಮುಂದೆ ಒಬ್ಬ ಬಡಕಲು ಹುಡುಗ, ಒಂಟಿ, ಒಂದೇ ಟ್ಯೂಬು. ನೋಡಿ ಸಮಾಧಾನವಾಯಿತು. ಮೆಟ್ಟಿಲು ಅರ್ಧಕ್ಕೆ ಬಂದಿತ್ತು. ಆಗ ಕೆಳಗಿನಿಂದ, “ಸೈಡ್, ಸೈಡ್! ಹಮಾರೇ ಲೋಗ್ ಆಗೇ ಹೈಂ” ಎಂಬ ಘೋಷಣೆ ಕೇಳಿತು. ಮೀಸೆಯ ಒಬ್ಬರು, ಅವರ ಮನೆಯವರು, ತಂಗಿಯರಂತೆ ಕಾಣುವ ಇಬ್ಬರು, ಲೆಕ್ಕಕ್ಕೆ ಸಿಗದಷ್ಟು ಮಕ್ಕಳು, ಎಲ್ಲರ ತಲೆಯ ಮೇಲೂ ಟ್ಯೂಬು. ಆ ಹುಡುಗ ಒಂಟಿಯಲ್ಲ, ಅವನೊಂದು ಅಡಿಗಲ್ಲು. ಅವನ ಮೇಲೆ ಇಡೀ ಬಿಲ್ಡಿಂಗು ಎದ್ದಿತು.

ಸಾಲು ಮುರಿಯುವವರಲ್ಲಿ ಬಗೆಬಗೆಯವರಿದ್ದಾರೆ. “ಬಚ್ಚಾ ಹೈ” ಎಂದು ಹನ್ನೆರಡು ವರ್ಷದ ಕಟ್ಟಾಳನ್ನು ಮುಂದೆ ದೂಡುವವರು, ಇದು ಯಾವ ಲೈನ್ ಎಂದು ಕೇಳುತ್ತಾ ಕೇಳುತ್ತಾ ಅದರೊಳಗೇ ಸೇರಿಹೋಗುವವರು, ರೀಲ್ಸ್ ಮಾಡಲು ಬಂದು ವಿಡಿಯೊ ಮುಗಿದರೂ ಹೊರಗೆ ಹೋಗದವರು. ಇವರನ್ನೆಲ್ಲ ಕ್ಷಮಿಸಬಹುದು. ‘ನಮ್ಮವರು ಮುಂದಿದ್ದಾರೆ’ ಎನ್ನುವವರ ಜತೆ ಮಾತ್ರ ವಾದ ಮಾಡಲಾಗದು. ಯಾಕೆಂದರೆ ಅವರ ಮಾತು ಸುಳ್ಳಲ್ಲ. ನಿಜವಾಗಿಯೂ ಮುಂದಿದ್ದಾರೆ.

“ನೋಡಿದಿರಾ?” ಎಂದಳು ಹೆಂಡತಿ.

ನೋಡದೆ ಇರಲು ನನ್ನ ಮೂಗಿಗೂ ಅವರ ಟ್ಯೂಬಿಗೂ ನಡುವೆ ಜಾಗವೇ ಇರಲಿಲ್ಲ. ಸುಮ್ಮನಿದ್ದರೆ ಮುಗಿಯುತ್ತಿತ್ತು, ನಾನು ಓದಿದ್ದನ್ನು ಹೇಳಿದೆ. ಸ್ಟ್ಯಾನ್ಲಿ ಮಿಲ್‌ಗ್ರಾಮ್ ಎಂಬ ಮನಶ್ಶಾಸ್ತ್ರಜ್ಞರು ನ್ಯೂಯಾರ್ಕಿನ ರೈಲ್ವೆ ಟಿಕೆಟ್ ಕೌಂಟರು, ಜೂಜುಕಟ್ಟೆ ಮೊದಲಾದ ಕಡೆ 129 ಸಾಲುಗಳಿಗೆ ಬೇಕೆಂದೇ ಜನರನ್ನು ನುಗ್ಗಿಸಿ ಏನಾಗುತ್ತದೆಂದು ಪರೀಕ್ಷೆ ಮಾಡಿದ್ದರು. ಅವರು ತೀರಿಕೊಂಡ ಮೇಲೆ, 1986ರಲ್ಲಿ ಅದು ಪ್ರಕಟವಾಯಿತು. ಸಾಲಿನಲ್ಲಿ ಹಿಂದಿರುವ ಎಲ್ಲರಿಗೂ ನಷ್ಟವಾದರೂ ಬಾಯಿ ಬಿಡುವವನು ಹೆಚ್ಚಾಗಿ ಒಬ್ಬನೇ, ನುಗ್ಗಿದವರ ಬೆನ್ನಿಗೇ ನಿಂತವನು. ಉಳಿದವರು ಆ ಕೆಲಸವನ್ನು ಅವನಿಗೆ ವಹಿಸಿ ಆಕಾಶ ನೋಡುತ್ತಾರೆ.

“ಹಾಗಾದರೆ ಬೆನ್ನಿಗೆ ನಿಂತದ್ದು ಯಾರು ಮಾರಾಯ್ರೆ?” ಎಂದಳು. ಶಾಸ್ತ್ರ ಓದಬಾರದು, ಓದಿದರೂ ಹೆಂಡತಿಗೆ ಹೇಳಬಾರದು.

ಭಾವ ನಡುವೆ ಬಾಯಿ ಹಾಕಿದ. ಬೆಂಗಳೂರಿನ ವಂಡರ್‌ಲಾದಲ್ಲಿ ಹೆಚ್ಚು ದುಡ್ಡು ಕೊಟ್ಟು ಫಾಸ್ಟ್‌ಟ್ರ್ಯಾಕ್ ಟಿಕೆಟ್ ತೆಗೆದುಕೊಂಡರೆ ಉದ್ದ ಸಾಲಿನ ಪಕ್ಕದಲ್ಲೇ ಜುಮ್ಮೆಂದು ಹೋಗಬಹುದಂತೆ. ಡಿಸ್ನಿಯವರು 1999ರಲ್ಲಿ ಫಾಸ್ಟ್‌ಪಾಸ್ ಎಂದು ಪುಕ್ಕಟೆ ಕೊಟ್ಟದ್ದಕ್ಕೇ 2021ರಿಂದ ದುಡ್ಡು ವಸೂಲಿ ಮಾಡುತ್ತಿದ್ದಾರಂತೆ. “ಕಾಸು ಕೊಟ್ಟು ನುಗ್ಗಿದರೆ ಸೌಲಭ್ಯ, ಕೊಡದೆ ನುಗ್ಗಿದರೆ ಅಸಭ್ಯತೆ. ಇದು ಯಾವ ನ್ಯಾಯ ಭಾವ?” ಎಂದು ಕೇಳಿದ. ಉತ್ತರ ನನಗೆ ಈಗಲೂ ಹೊಳೆದಿಲ್ಲ. ಹೊಳೆಯುವ ಮೊದಲೇ ಹೆಂಡತಿ ಇನ್ನೊಂದು ಗುಂಡು ಹಾರಿಸಿದಳು: “ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಒಳಗೆ ಟವೆಲ್ ಎಸೆದು ಮೂರು ಸೀಟು ಹಿಡಿದದ್ದು ಯಾರು? ಆ ಟವೆಲ್ ಯಾವ ಲೈನಿನಲ್ಲಿ ನಿಂತಿತ್ತು?”

ಮಾನ ಉಳಿಸಿಕೊಳ್ಳಲೇಬೇಕಾಯಿತು. ಮನಸ್ಸಿನಲ್ಲೇ ಹಿಂದಿಯ ವಾಕ್ಯ ಕಟ್ಟಿದೆ. ‘ಭಾಯ್‌ಸಾಬ್, ಲೈನ್ ಪೀಛೇ ಸೇ ಹೈ.’ ಚೆನ್ನಾಗಿತ್ತು. ‘ಭಾಯ್‌ಸಾಬ್’ ಎಂಬಲ್ಲಿ ಗೌರವ, ‘ಪೀಛೇ’ ಎಂಬಲ್ಲಿ ಕಾಠಿಣ್ಯ. ಉಸಿರೆಳೆದು, ಎದೆಯುಬ್ಬಿಸಿ, ಪೀಠಿಕೆಯಾಗಿ ಒಮ್ಮೆ ಗಂಟಲು ಸರಿಮಾಡಿಕೊಂಡೆ. ಮೀಸೆಯವರು ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಅಂಕಲ್, ಜುಕಾಮ್ ಹೈ ಕ್ಯಾ? ಪಾನೀ ಮೇಂ ಮತ್ ಜಾಯಿಯೇ” ಎಂದರು. ಶೀತವಿದ್ದವರು ನೀರಿಗಿಳಿಯಬಾರದಂತೆ. ಅವರ ಕಾಳಜಿ ನಿಜವಾದದ್ದು. ನಾನು “ಥೋಡಾ ಥೋಡಾ” ಎಂದೆ.

ಅಷ್ಟರಲ್ಲಿ ಅವರ ಮನೆಯವರು ಒಂದು ಮಗುವಿಗೆ, “ಏ, ಕಂಬಿ ಹಿಡ್ಕೊ ಮಗಾ, ಜಾರ್ತದೆ” ಎಂದರು. ನನ್ನ ಹೆಂಡತಿಯ ಕಿವಿ ನೆಟ್ಟಗಾಯಿತು. “ನೀವು ಊರಿನವರಾ?” ಅಷ್ಟೇ. ಮುಂದಿನ ಮೂರು ಮೆಟ್ಟಿಲುಗಳಲ್ಲಿ ಬ್ರಹ್ಮಾವರ ಬಂತು, ಬಾರ್ಕೂರು ಬಂತು, ಹೈಸ್ಕೂಲು ಬಂತು, ಬಾರ್ಕೂರಿನ ಯಾರದೋ ಸೊಸೆ ಇವರ ಚಿಕ್ಕಮ್ಮನ ಮಗಳಾದಳು. ನಾಲ್ಕನೆಯ ಮೆಟ್ಟಿಲಿಗೆ ನಾವು ನೆಂಟರು. ಮೀಸೆಯವರದು ಮೀರಾ ರೋಡಿನಲ್ಲಿ ಮನೆ. ನಮ್ಮದೇ ವಿರಾರ್ ಗಾಡಿ, ನಮಗಿಂತ ಒಂದು ಸ್ಟೇಷನ್ ಮುಂದೆ. ಅಲ್ಲೂ ಮುಂದೆಯೇ. “ನಿಮ್ಮ ತಂಗಿ ಕೆಳಗೇ ಬಾಕಿಯಾದರಲ್ಲ, ಮೇಲೆ ಕರೆಯಿರಿ, ಪಾಪ” ಎಂದು ನನ್ನ ಹೆಂಡತಿಯೇ ಇನ್ನೂ ನಾಲ್ವರನ್ನು ಒಳಗೆ ಸೇರಿಸಿದಳು.

ಬೆಳ್ಳುಳ್ಳಿ ಚಟ್ನಿಯ ಉಸಿರು ಆಗ ಮಾತಾಡಿತು. ಕಾಲೇಜಿನ ಹುಡುಗ. “ಅಂಕಲ್, ಯೇ ಸಬ್ ಆಪ್ ಕೇ ಸಾಥ್ ಹೈಂ ಕ್ಯಾ?” ಅವನ ಗಂಟಲು ನನ್ನದಕ್ಕಿಂತ ಸರಿಯಾಗಿತ್ತು. ಮಿಲ್‌ಗ್ರಾಮರ ಶಾಸ್ತ್ರ ತಪ್ಪಲಿಲ್ಲ. ನುಗ್ಗಿದವರ ಬೆನ್ನಿಗೆ ನಿಂತವನು ಈಗ ಅವನು, ನುಗ್ಗಿದವರ ಪೈಕಿ ನಾನು. ಹೆಂಡತಿ ನನ್ನ ಮುಖ ನೋಡಿದಳು, ಮೀಸೆಯವರೂ ನೋಡಿದರು. “ಹಾಂ, ಫ್ಯಾಮಿಲೀ ಹೈ” ಎಂದೆ. ಹುಡುಗ ನನ್ನ ಚಡ್ಡಿಯ ಕಡೆ ನೋಡಿ, ಇವನ ಜತೆ ಏನು ಜಗಳ ಎಂಬಂತೆ ಬಿಟ್ಟುಬಿಟ್ಟ. ನಾಳೆ ಆ ಹುಡುಗ ನನ್ನ ಡಬ್ಬಿಯಲ್ಲಿ ಸಿಗುವುದಿಲ್ಲವಲ್ಲ ಎಂಬ ಯೋಚನೆ ಮನಸ್ಸಿಗೆ ತಂಪಾಗಿತ್ತು.

ಈ ಗಲಾಟೆಯಲ್ಲಿ ಅತ್ತೆಯನ್ನು ಎಲ್ಲರೂ ಮರೆತಿದ್ದೆವು. ಕೆಳಗೆ ನೆರಳಿನಲ್ಲಿ ಚೀಲ ಕಾಯುತ್ತಿರಬೇಕಾದವರು ಸೀರೆಯ ನೆರಿಗೆ ಎತ್ತಿ ಹಿಡಿದು ನಮ್ಮ ಹಿಂದೆಯೇ ಮೆಟ್ಟಿಲು ಹತ್ತಿ ಬಂದಿದ್ದರು. ಅವರು ಜೀವಮಾನದಲ್ಲಿ ನಿಂತ ಸಾಲುಗಳೆಲ್ಲ ಉಡುಪಿ, ಕೊಲ್ಲೂರು, ಧರ್ಮಸ್ಥಳದವು. ಸಾಲಿನ ಕೊನೆಗೆ ದೇವರು ಇರಬೇಕು, ದೇವರು ಇಲ್ಲದಿದ್ದರೆ ಊಟವಾದರೂ ಇರಬೇಕು. ತುದಿಗೆ ಬಂದು ಬಗ್ಗಿ ನೋಡಿದರು. ಕೆಳಗೆ ಭಾವ ಕೈಕಾಲು ಮೇಲೆ ಮಾಡಿ ಕೂಗುತ್ತಾ ನೀರಿಗೆ ಬೀಳುತ್ತಿದ್ದ.

“ಇಷ್ಟು ಹೊತ್ತು ನಿಂತದ್ದು ಇದಕ್ಕಾ?” ಎಂದರು. ಸೀಟಿ ಹಿಡಿದ ಗಾರ್ಡ್ ಏನೋ ಹೇಳುವ ಮೊದಲೇ ತಿರುಗಿ, ಸಾಲಿಗೆ ಎದುರಾಗಿ ಇಳಿಯತೊಡಗಿದರು. ಆ ಇಕ್ಕಟ್ಟಿನ ಮೆಟ್ಟಿಲಲ್ಲಿ ಅಷ್ಟೂ ಜನ ಟ್ಯೂಬುಗಳನ್ನು ಮೇಲೆತ್ತಿ, ಗೋಡೆಗೆ ಒರಗಿ ದಾರಿ ಬಿಟ್ಟರು. ಒಬ್ಬರೂ ಗೊಣಗಲಿಲ್ಲ. ಬೆಳ್ಳುಳ್ಳಿ ಚಟ್ನಿಯ ಹುಡುಗ ಅವರ ಕೈಹಿಡಿದು ಕೆಳಗಿನವರೆಗೂ ಬಿಟ್ಟುಬಂದ. ಬಂದು ತನ್ನ ಜಾಗ ಕೇಳಿದಾಗ ಅಲ್ಲಿ ಮೀಸೆಯವರ ಇನ್ನೊಬ್ಬ ಸೋದರಳಿಯ ನಿಂತಿದ್ದ.

ಮುಂದಿನ ವಾರ ಮೀರಾ ರೋಡಿನ ಅವರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಹೆಂಡತಿ ಜಾರುಬಂಡೆಯ ಮೆಟ್ಟಿಲ ಮೇಲೇ ಒಪ್ಪಿಕೊಂಡಿದ್ದಳು. ಸೊಸೈಟಿಯ ಟೆರೇಸಿನಲ್ಲಿ ಊಟ, ಬಫೆ. ಸಾಲು ನೀರಿನ ಟ್ಯಾಂಕಿಯನ್ನು ಒಂದು ಸುತ್ತು ಹಾಕಿ ಲಿಫ್ಟಿನವರೆಗೆ ಬಂದಿತ್ತು. ನಾನು ವಾಡಿಕೆಯಂತೆ ಕಡೆಯವರ ಹಿಂದೆ ನಿಂತೆ. ಮೀಸೆಯವರು ದೂರದಿಂದಲೇ ನೋಡಿ ಓಡಿಬಂದರು. “ಎಂತ ಭಾವ, ನೀವು ಲೈನಿನಲ್ಲಿ ನಿಲ್ಲುವುದಾ? ನಾಚಿಕೆ ನಮಗೆ!” ಎಂದು ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಎಲ್ಲರ ಮುಂದೆ ನಿಲ್ಲಿಸಿ, ಕೈಗೆ ತಟ್ಟೆ ಕೊಟ್ಟು, ಮೇಲೊಂದು ಹೋಳಿಗೆ ಇಟ್ಟರು. ಹೆಂಡತಿ ಆಗಲೇ ಅಲ್ಲಿದ್ದಳು. ಅವಳ ಪಾಲಿನ ತುಪ್ಪ ಬಡಿಸಿ ಆಗಿತ್ತು.

ನನ್ನ ಬೆನ್ನಿಗೇ ನಿಂತಿದ್ದ ಯಾರೋ ಗಂಟಲು ಸರಿಮಾಡಿಕೊಂಡ ಸದ್ದು ಕೇಳಿತು. ಪಾಪ, ಶೀತವಿರಬೇಕು ಎಂದುಕೊಂಡು ಎರಡನೇ ಹೋಳಿಗೆಗೆ ತಟ್ಟೆ ಚಾಚಿದೆ.